ಕಂಪ್ಯೂಟರಿಗೆ ತಾರೀಖು ಹೇಳುವ ಹುದ್ದೆ

ಜನನ, ಮರಣ ಮತ್ತು ವಿವಾಹ ನೋಂದಣಿ ಕಚೇರಿಯಲ್ಲಿ ಇರುವುದು ಒಂದೇ ಕಂಪ್ಯೂಟರ್. ಸಂಜೆ ಕಚೇರಿ ಮುಚ್ಚುವಾಗ ಗೋಡೆಯ ಮೇನ್ ಸ್ವಿಚ್ಚನ್ನೇ ಆರಿಸಬೇಕು ಎಂಬುದು ಅಲ್ಲಿಯ ನಿಯಮ. ಬೆಳಿಗ್ಗೆ ಸ್ವಿಚ್ ಹಾಕಿದರೆ ಮೊದಲು ಪೆಟ್ಟಿಗೆಯೊಳಗಿನ ಫ್ಯಾನು ತಿರುಗುತ್ತದೆ. ಒಂದು ಸಲ ಬೀಪ್ ಎಂಬ ಸದ್ದಾಗುತ್ತದೆ. ಆಮೇಲೆ ಕಂಪ್ಯೂಟರ್ ತನ್ನ ಮೈಕೈಯೆಲ್ಲ ಮುಟ್ಟಿ ನೋಡಿಕೊಳ್ಳುತ್ತದೆ: ಮೆಮೊರಿ ಇದೆಯೇ, ಡಿಸ್ಕ್ ಇದೆಯೇ, ಕೀಬೋರ್ಡ್ ಇದೆಯೇ. ಎಲ್ಲವೂ ಇದ್ದಲ್ಲೇ ಇದೆ ಎಂದು ಖಾತ್ರಿಯಾದ ಮೇಲೆ, ಇವತ್ತು ಯಾವ ದಿನ ಎಂದು ನೋಡಲು ಹೋಗಿ ಅಲ್ಲಿಯೇ ನಿಂತುಬಿಡುತ್ತದೆ. ಅದಕ್ಕೆ ಗೊತ್ತಿಲ್ಲ.

ವಿದ್ಯುತ್ತು ಇಲ್ಲದ ಹೊತ್ತಿನಲ್ಲಿ ದಿನ, ಗಂಟೆಗಳನ್ನು ನೆನಪಿಟ್ಟುಕೊಳ್ಳಲೆಂದೇ ಅದರೊಳಗೆ ನಾಣ್ಯದ ಗಾತ್ರದ ಒಂದು ಬ್ಯಾಟರಿ ಇದೆ. ಅದು ಸತ್ತು ಒಂಬತ್ತು ವರ್ಷವಾಯಿತು. ಹಾಗಾಗಿ ಪ್ರತಿದಿನ ಬೆಳಿಗ್ಗೆ ಕಂಪ್ಯೂಟರ್ ಎಚ್ಚರಗೊಳ್ಳುವುದು ತಾನು ತಯಾರಾದ ವರ್ಷದ ಜನವರಿ ಒಂದನೇ ತಾರೀಖಿಗೆ. ಅಂದರೆ ಹದಿನಾರು ವರ್ಷ ಹಿಂದಕ್ಕೆ. ಆಗ ಪರದೆಯ ಮೇಲೆ ಎರಡು ದಾರಿ ಕಾಣಿಸುತ್ತವೆ. ಒಂದು ಕೀಲಿ ಒತ್ತಿದರೆ ಅದೇ ಹಳೆಯ ತಾರೀಖಿನಲ್ಲಿ ಕೆಲಸ ಮುಂದುವರಿಯುತ್ತದೆ. ಇನ್ನೊಂದನ್ನು ಒತ್ತಿದರೆ ಸರಿಯಾದ ತಾರೀಖು, ಗಂಟೆ ಹೇಳಲು ಅವಕಾಶ ಸಿಗುತ್ತದೆ.

ಬ್ಯಾಟರಿ ಸತ್ತಾಗ ಆಗಿನ ಅಧಿಕಾರಿ ಹೊಸದೊಂದನ್ನು ಕೇಳಿ ಕೇಂದ್ರ ಕಚೇರಿಗೆ ಬರೆದಿದ್ದರು. ಬಿಡಿಭಾಗ ಕೊಳ್ಳಲು ಅವಕಾಶವಿಲ್ಲವೆಂದೂ, ಅಗತ್ಯ ಕಂಡುಬಂದಲ್ಲಿ ಒಂದು ಹುದ್ದೆ ಮಂಜೂರು ಮಾಡಬಹುದೆಂದೂ ಉತ್ತರ ಬಂತು. ಅಗತ್ಯ ಕಂಡುಬಂತು. ಗಂಡನನ್ನು ಕಳೆದುಕೊಂಡು, ಹೈಸ್ಕೂಲಿನಲ್ಲಿ ಓದುತ್ತಿದ್ದ ಮಗಳನ್ನು ಸಾಕುತ್ತಿದ್ದ ಒಬ್ಬ ಮಹಿಳೆ ಆ ಹುದ್ದೆಗೆ ನೇಮಕವಾದರು. ಬೆಳಿಗ್ಗೆ ಕಂಪ್ಯೂಟರಿಗೆ ತಾರೀಖು ಮತ್ತು ಗಂಟೆ ಹೇಳುವುದು, ಸಂಜೆಯವರೆಗೆ ಅದು ಮರೆಯದಂತೆ ನೋಡಿಕೊಳ್ಳುವುದು ಅವರ ಕೆಲಸ. ಕಚೇರಿಯವರು ಅವರನ್ನು ತಾರೀಖಕ್ಕ ಎಂದೇ ಕರೆಯುತ್ತಾರೆ.

ಈ ಕೆಲಸ ಯಾರು ಬೇಕಾದರೂ ಮಾಡಬಹುದಲ್ಲ ಎಂದು ಹೊರಗಿನವರಿಗೆ ಅನ್ನಿಸುತ್ತದೆ. ಹಿಂದೊಮ್ಮೆ ತಾರೀಖಕ್ಕನ ಬಸ್ಸು ತಡವಾದಾಗ ಕೌಂಟರಿನ ಗುಮಾಸ್ತ ತಾನೇ ತಾರೀಖು ಒತ್ತಿದ್ದ. ವರ್ಷದ ಜಾಗದಲ್ಲಿ ಬೆರಳು ಜಾರಿತು. ಆಗಿನ ಅಧಿಕಾರಿ ಮಧ್ಯಾಹ್ನದವರೆಗೆ ನಿವೃತ್ತರಾಗಿದ್ದರು. ಅವರ ಕುರ್ಚಿಯನ್ನು ಆಚೆಗೆ ಎಳೆದು, ಒಂದು ಹಾರವನ್ನೂ ತರಿಸಿ ಆಗಿತ್ತು. ಅಂದಿನಿಂದ ಆ ಎರಡನೆಯ ಕೀಲಿಯನ್ನು ಹುದ್ದೆಯಲ್ಲಿರುವವರ ಹೊರತು ಇನ್ನಾರೂ ಮುಟ್ಟಬಾರದು ಎಂಬ ಆದೇಶ ಬಂತು. ಗೋಡೆ ಗಡಿಯಾರವನ್ನೂ ಇಳಿಸಿದರು. ಒಂದು ಕಚೇರಿಗೆ ಎರಡು ಗಂಟೆ ಬೇಡ ಎಂದು ಅದರ ಅರ್ಥ. ತಾರೀಖಕ್ಕ ಮನೆಯಲ್ಲಿ ರೇಡಿಯೋ ಸುದ್ದಿಗೆ ತಮ್ಮ ಕೈಗಡಿಯಾರವನ್ನು ಹೊಂದಿಸಿಕೊಂಡು ಬರುತ್ತಿದ್ದರು. ಈ ಒಂಬತ್ತು ವರ್ಷದಲ್ಲಿ ಅವರು ಕಂಪ್ಯೂಟರಿಗೆ ಒಂದು ನಿಮಿಷವನ್ನೂ ಅಂದಾಜಿನಲ್ಲಿ ಹೇಳಿದವರಲ್ಲ.

ಮಗಳ ಮದುವೆಯ ದಿನ ತಾರೀಖಕ್ಕ ರಜೆ ಹಾಕಿದರು. ಅವರ ಮೊದಲ ರಜೆ. ಈಗಿನ ಅಧಿಕಾರಿ ನಗುನಗುತ್ತಾ ಸಹಿ ಹಾಕಿದರು. ಗುಮಾಸ್ತ ಶುಭ ಕೋರಿದ. ಮದುವೆ ದಾಖಲಾಗಬೇಕಾದದ್ದು ಇದೇ ಕಚೇರಿಯಲ್ಲಿ, ಇದೇ ಕಂಪ್ಯೂಟರಿನಲ್ಲಿ ಎಂಬುದು ಮೂವರಿಗೂ ಗೊತ್ತಿತ್ತು. ಆದರೂ ಯಾರಿಗೂ ಹೊಳೆಯಲಿಲ್ಲ.

ಮದುವೆಗೆ ಒಂದು ಗಡುವೂ ಇತ್ತು. ಹುಡುಗ ವಾಚ್ ರಿಪೇರಿ ಮಾಡುವವನು. ಅವನೂ ಹುಡುಗಿಯೂ ವರ್ಷವಿಡೀ ಅಲೆದು ಒಂದು ಬಾಡಿಗೆ ಮನೆ ಹಿಡಿದಿದ್ದರು. ಮನೆಯೊಡತಿ ನಿವೃತ್ತ ಗಣಿತದ ಟೀಚರ್. ಮದುವೆಯಾದವರಿಗೆ ಮಾತ್ರ ಬೀಗದ ಕೈ ಎಂದಿದ್ದರು. ನೋಂದಣಿ ಪತ್ರ ಹನ್ನೆರಡು ಗಂಟೆಯೊಳಗೆ ತಮ್ಮ ಕೈ ಸೇರಬೇಕು, ಇಲ್ಲದಿದ್ದರೆ ಹನ್ನೆರಡರ ಮೇಲೆ ಬರುವ ಇನ್ನೊಂದು ಜೋಡಿಗೆ ಮನೆ ಹೋಗುತ್ತದೆ ಎಂದೂ ಹೇಳಿದ್ದರು. ಅದಕ್ಕೇ ಮಂಚ, ಕಪಾಟು, ಪಾತ್ರೆಯ ಡಬ್ಬ ಎಲ್ಲವನ್ನೂ ಹೇರಿಕೊಂಡ ವ್ಯಾನು ಕಚೇರಿಯ ಮುಂದೆಯೇ ನಿಂತಿತ್ತು.

ಹತ್ತು ಗಂಟೆಗೆ ಅಮ್ಮ, ಮಗಳು, ಹುಡುಗ ಮೂವರೂ ಮೆಟ್ಟಿಲು ಹತ್ತುವಾಗ ಒಬ್ಬಾತ ಕೆಳಗಿಳಿದು ಬರುತ್ತಿದ್ದ.

"ಅಕ್ಕ, ನೀವು ಇಲ್ಲಿಯವರಲ್ವಾ?" ಎಂದು ಆತ ತಾರೀಖಕ್ಕನನ್ನು ಕೇಳಿದ. "ನಮ್ಮಪ್ಪನ ಮರಣ ಪತ್ರಕ್ಕೆ ಬಂದಿದ್ದೆ. ಅವರು ಇನ್ನೂ ತೀರಿಕೊಂಡಿಲ್ಲ ಅಂತಾರೆ ಒಳಗೆ. ನಿಜಾನಾ?"

ಅವನ ಮುಖದಲ್ಲಿ ಸಿಟ್ಟಿಗಿಂತ ಆಸೆಯೇ ಹೆಚ್ಚಿತ್ತು. ತಾರೀಖಕ್ಕ ಅಲ್ಲೇ ನಿಂತರು. ಏನಾಗಿರಬಹುದೆಂದು ಅವರಿಗೆ ಆ ಕ್ಷಣವೇ ತಿಳಿಯಿತು.

ಒಳಗೆ ಗುಮಾಸ್ತ ಮೊದಲನೆಯ ಕೀಲಿ ಒತ್ತಿ ಕೆಲಸ ಶುರುಮಾಡಿಬಿಟ್ಟಿದ್ದ. ಎರಡನೆಯದನ್ನು ಮುಟ್ಟುವಂತಿರಲಿಲ್ಲ, ಜನ ಸಾಲುಗಟ್ಟಿ ನಿಂತಿದ್ದರು. ಕೂಸನ್ನು ಎತ್ತಿಕೊಂಡು ಬಂದಿದ್ದ ಒಬ್ಬ ತಾಯಿಗೆ, ಈ ಮಗು ಹುಟ್ಟಲು ಇನ್ನೂ ಬಹಳ ಕಾಲವಿದೆ, ಈಗಲೇ ಅರ್ಜಿ ಕೊಡುವುದು ಅವಸರವಾಯಿತು ಎಂದು ಅವನು ವಿನಯದಿಂದ ತಿಳಿಸುತ್ತಿದ್ದ. ಕೂಸು ಅಳುತ್ತಿತ್ತು.

"ಬನ್ನಿ ಅಕ್ಕ, ಬನ್ನಿ. ಮದುಮಗಳು ಚೆನ್ನಾಗಿ ಕಾಣ್ತಾಳೆ," ಎಂದ ಗುಮಾಸ್ತ. ಹುಡುಗಿಯ ಜನ್ಮದಿನಾಂಕ ಒತ್ತಿದ. ಪರದೆ ನೋಡಿ ತಲೆ ಕೆರೆದುಕೊಂಡ. "ಒಂದು ತೊಂದರೆ ಇದೆ. ಹುಡುಗಿಗೆ ಒಂಬತ್ತು ವರ್ಷ."

"ಇಪ್ಪತ್ತೈದು," ಎಂದಳು ಮಗಳು.

"ಅದು ನಿಮ್ಮ ಲೆಕ್ಕ. ಹುಡುಗನಿಗೂ ಹನ್ನೊಂದೇ. ಇದನ್ನ ನಾನು ದಾಖಲಿಸಿದ್ರೆ ಬಾಲ್ಯವಿವಾಹ ಆಗತ್ತೆ. ನನ್ನ ಕೈಗೆ ಕೋಳ ಬೀಳತ್ತೆ."

"ಕಣ್ಣು ಬಿಟ್ಟು ನೋಡಿ ನನ್ನ. ಒಂಬತ್ತು ವರ್ಷದವಳ ಥರ ಕಾಣ್ತೀನಾ?"

"ಕಣ್ಣಿಗೆ ಕಂಡಿದ್ದನ್ನ ದಾಖಲಿಸೋ ಹಾಗಿದ್ರೆ ಈ ಕಚೇರಿ ಯಾಕೆ ಬೇಕಿತ್ತಮ್ಮ?"

ಗದ್ದಲ ಕೇಳಿ ಅಧಿಕಾರಿ ತಮ್ಮ ಕೋಣೆಯಿಂದ ಹೊರಬಂದರು. ವಿಷಯ ತಿಳಿದುಕೊಂಡರು. ಅವರು ಕೂಗಾಡುವ ಸ್ವಭಾವದವರಲ್ಲ. ಹುಡುಗಿಯನ್ನು ಕಂಡು ಕನಿಕರದಿಂದ, "ಇಷ್ಟು ಚಿಕ್ಕ ವಯಸ್ಸಿಗೆ ಯಾಕಮ್ಮ ಇದೆಲ್ಲ," ಎಂದು ಬಾಯಿತಪ್ಪಿ ಅಂದರು. ಆಮೇಲೆ ತಿದ್ದಿಕೊಂಡರು. "ಅಂದರೆ, ದಾಖಲೆ ಪ್ರಕಾರ."

"ಸಾರ್, ದಾಖಲೆ ಪ್ರಕಾರ ನೋಡೋದಾದ್ರೆ, ಹದಿನಾರು ವರ್ಷದ ಹಿಂದೆ ನೀವು ಈ ಕಚೇರಿಗೇ ಬಂದಿರಲಿಲ್ಲ," ಎಂದಳು ಮಗಳು. "ಮತ್ತೆ ಈ ಕುರ್ಚೀಲಿ ಹೇಗೆ ಕೂತಿದ್ದೀರಿ?"

ಅಧಿಕಾರಿ ಇದನ್ನು ಗಂಭೀರವಾಗಿಯೇ ಯೋಚಿಸಿದರು. "ನಾನು ಕುರ್ಚಿಯಲ್ಲಿದ್ದೀನಮ್ಮ. ಕಂಪ್ಯೂಟರಲ್ಲಿಲ್ಲ. ನೀವು ಕಂಪ್ಯೂಟರಲ್ಲಿ ಹೋಗಬೇಕಾದವರು."

ಹೊರಗೆ ವ್ಯಾನಿನವನು ಹಾರ್ನ್ ಬಾರಿಸಿದ.

ಅಷ್ಟರಲ್ಲಿ ಹುಡುಗ ಜೇಬಿಗೆ ಕೈಹಾಕಿ ಸಣ್ಣ ಪ್ಲಾಸ್ಟಿಕ್ ಪೊಟ್ಟಣವೊಂದನ್ನು ತೆಗೆದ. ಅದರಲ್ಲಿ ನಾಣ್ಯದಂಥ ಒಂದು ಬ್ಯಾಟರಿ ಹೊಳೆಯುತ್ತಿತ್ತು. "ಸಾರ್, ಇದೇ ಅಳತೆ ಇರಬೇಕು. ಕೆಲವು ವಾಚಿಗೂ ಇದನ್ನೇ ಹಾಕೋದು. ಎರಡು ಸ್ಕ್ರೂ ಬಿಚ್ಚಿದ್ರೆ ಆಯ್ತು."

ಗುಮಾಸ್ತ ತಾರೀಖಕ್ಕನ ಮುಖ ನೋಡಿದ. ತಾರೀಖಕ್ಕ ತಮ್ಮ ಚೀಲದ ಹಿಡಿಯನ್ನು ಸರಿಮಾಡಿಕೊಂಡರು. ಹುಡುಗನಿಗೆ ಏನೂ ಅರ್ಥವಾಗಲಿಲ್ಲ. ಮಗಳಿಗೆ ಅರ್ಥವಾಯಿತು.

"ಒಳಗಿಡಿ ಅದನ್ನ," ಎಂದಳು ಅವಳು.

"ಯಾಕೆ, ಬೆಲೆಯೇನೂ ಇಲ್ಲ ಇದಕ್ಕೆ..."

"ಅಮ್ಮ ಒಂಬತ್ತು ವರ್ಷದಿಂದ ಇಲ್ಲಿ ಅದೇ ಆಗಿದಾಳೆ. ಒಳಗಿಡಿ ಅಂದೆ."

ಹುಡುಗ ಪೊಟ್ಟಣವನ್ನು ಮತ್ತೆ ಜೇಬಿಗೆ ಹಾಕಿಕೊಂಡ. ಗುಮಾಸ್ತ ಅವನ ನೆರವಿಗೆ ಬಂದ. "ಹಾಕಿದ್ರೂ ಪ್ರಯೋಜನ ಇಲ್ಲ ಬಿಡಿ. ಬ್ಯಾಟರಿಗೆ ತಾನಾಗಿ ತಾರೀಖು ಗೊತ್ತಿರಲ್ಲ, ಹೇಳಿದ್ದನ್ನ ಹಿಡ್ಕೊಳ್ಳತ್ತೆ ಅಷ್ಟೆ. ಹೇಳಬೇಕಾದವರು ರಜೆಯಲ್ಲಿದ್ದಾರೆ. ಈಗ ಹಾಕಿದ್ರೆ ಇದೇ ಜನವರಿ ಒಂದನ್ನ ಗಟ್ಟಿಯಾಗಿ ಹಿಡ್ಕೊಂಡು ನಾಳೆ ಎರಡು ಅನ್ನತ್ತೆ, ನಾಳಿದ್ದು ಮೂರು ಅನ್ನತ್ತೆ. ನಾವೆಲ್ಲ ಹದಿನಾರು ವರ್ಷ ಮೊದಲಿಂದ ದುಡೀಬೇಕು."

"ನನಗೆ ಇನ್ನು ನಾಲ್ಕೇ ವರ್ಷ ಸರ್ವಿಸ್ ಇರೋದು," ಎಂದರು ಅಧಿಕಾರಿ ಗಾಬರಿಯಿಂದ.

"ಇಪ್ಪತ್ತಾಗತ್ತೆ ಸಾರ್."

ಅಧಿಕಾರಿ ಪಕ್ಕದ ಸ್ಟೂಲಿನ ಮೇಲೆ ಕೂತರು.

ಈಗ ತಾರೀಖಕ್ಕ ಮುಂದೆ ಬಂದರು. "ಸಾರ್, ನನ್ನ ರಜೆ ರದ್ದು ಮಾಡಿ. ಬರೆದುಕೊಡ್ತೀನಿ. ಒಳಗೆ ಬಂದು ತಾರೀಖು ಹೇಳಿ ಹೋಗ್ತೀನಿ."

"ಹೌದಲ್ಲ," ಎಂದು ಅಧಿಕಾರಿ ಎದ್ದು ನಿಂತರು. "ಕಾಗದಕ್ಕೆ ಇವತ್ತಿನ ತಾರೀಖೇ ಹಾಕಬಹುದು. ಕಾಗದಕ್ಕೆ ಬ್ಯಾಟರಿ ಬೇಡ." ಆಮೇಲೆ ಅವರಿಗೆ ಇನ್ನೊಂದು ವಿಷಯ ನೆನಪಾಯಿತು. "ಆದ್ರೆ ಸಾಕ್ಷಿ ಸಹಿ ಯಾರದು?"

"ನನ್ನದು."

"ಅದು ಆಗಲ್ವಲ್ಲಮ್ಮ. ಕೆಲಸದ ಮೇಲಿರೋ ನೌಕರರು ಇಲ್ಲಿಯ ದಾಖಲೆಗೆ ಸಾಕ್ಷಿ ಹಾಕೋ ಹಾಗಿಲ್ಲ. ಕೌಂಟರಿಂದ ಈಚೆ ಬಂದ್ರೆ ನೀವು ತಾರೀಖಿನವರು, ಆಚೆ ಇದ್ರೆ ಹುಡುಗಿ ತಾಯಿ. ಎರಡೂ ಒಟ್ಟಿಗೆ ಆಗೋದು ಹೇಗೆ?" ಎಂದರು ಅಧಿಕಾರಿ ಬೇಸರದಿಂದ. ನಿಯಮ ಅವರದಾಗಿರಲಿಲ್ಲ.

ಹುಡುಗನ ಕಡೆಯವರು ಎಂದು ಹೇಳಿಕೊಳ್ಳಲು ಯಾರೂ ಇರಲಿಲ್ಲ. ಆಗಲೇ ವ್ಯಾನಿನ ಡ್ರೈವರ್, ಎಷ್ಟು ಹೊತ್ತಾಗುತ್ತದೆ ಎಂದು ವಿಚಾರಿಸಲು ಒಳಗೆ ಬಂದ. ಗುಮಾಸ್ತ ಅವನನ್ನು ತಲೆಯಿಂದ ಕಾಲಿನವರೆಗೆ ಅಳೆದ.

"ಸಹಿ ಹಾಕೋಕೆ ಬರತ್ತಾ ನಿಮಗೆ?"

"ಚೆನ್ನಾಗಿ ಬರತ್ತೆ ಸಾರ್," ಎಂದ ಡ್ರೈವರ್. "ಮದುವೆಗಾ? ಹಾಕ್ತೀನಿ ಬಿಡಿ. ನನಗೂ ಪುಣ್ಯ. ಹೆಣ್ಣಿನ ಕಡೆಯವನಾ, ಗಂಡಿನ ಕಡೆಯವನಾ ನಾನು?"

"ನಿಮ್ಮ ಹೆಸರೇ ನನಗೆ ಗೊತ್ತಿಲ್ಲ," ಎಂದಳು ಮಗಳು ಡ್ರೈವರನಿಗೆ. ಆಮೇಲೆ ತಾಯಿಯ ಕಡೆ ತಿರುಗಿದಳು. ಅವಳ ದನಿ ತಗ್ಗಿತ್ತು. "ಅಮ್ಮ, ಮನೆ ಹೋದ್ರೆ ಹೋಗಲಿ. ಇನ್ನೊಂದು ಹುಡುಕ್ತೀವಿ. ನನ್ನ ಮದುವೆ ಪತ್ರದಲ್ಲಿ ನಿನ್ನ ಸಹಿ ಇರಬೇಕಾದ ಕಡೆ ಮಂಚ ಹೊತ್ತು ತಂದವರ ಸಹಿ ಇರೋದು ಬೇಡ."

"ಕಪಾಟೂ ನಾನೇ ಹೊತ್ತಿದ್ದು," ಎಂದ ಡ್ರೈವರ್, ಸ್ವಲ್ಪ ನೊಂದುಕೊಂಡು.

ತಾರೀಖಕ್ಕ ಮಗಳನ್ನೇ ನೋಡುತ್ತಾ ನಿಂತರು. ವರ್ಷವಿಡೀ ಅವರಿಬ್ಬರು ಮನೆಗಾಗಿ ಸುತ್ತಿದ್ದನ್ನು ಅವರು ಕಂಡಿದ್ದರು. ಮಗಳ ಚಪ್ಪಲಿಯ ಅಟ್ಟೆ ಸವೆದದ್ದನ್ನೂ ಕಂಡಿದ್ದರು. ಮನೆ ಕೈತಪ್ಪಬಾರದು. ಸಹಿಯನ್ನು ಬಿಟ್ಟುಕೊಡಲೂ ಮನಸ್ಸು ಒಪ್ಪುತ್ತಿರಲಿಲ್ಲ. ಕೊನೆಗೆ ಅವರು ಅಧಿಕಾರಿಯ ಕಡೆ ತಿರುಗಿದರು.

"ಅರ್ಧ ದಿನದ ರಜೆ ಕೊಡೋಕೆ ಬರತ್ತಾ ಸಾರ್?"

"ಬರತ್ತೆ. ಒಂದು ಗಂಟೆವರೆಗೆ ಕೆಲಸ, ಆಮೇಲೆ ರಜೆ. ಆದ್ರೆ ನೀವು ಸಾಕ್ಷಿ ಹಾಕಬೇಕಾದ್ರೆ ಒಂದು ಗಂಟೆ ಆಗಬೇಕು. ನಿಮಗೆ ಹನ್ನೆರಡರೊಳಗೆ ಪತ್ರ ಬೇಕು."

"ಅರ್ಧ ದಿನದ ರಜೆಯನ್ನೇ ಕೊಡಿ."

ಅಧಿಕಾರಿ ಕಾಗದಕ್ಕೆ ಸಹಿ ಹಾಕಿದರು. ತಾರೀಖಕ್ಕ ಚೀಲವನ್ನು ಮಗಳ ಕೈಗೆ ಕೊಟ್ಟು, ಕೌಂಟರಿನ ಪುಟ್ಟ ಬಾಗಿಲು ತೆಗೆದುಕೊಂಡು ಒಳಗೆ ಹೋದರು. ಗೋಡೆಯ ಸ್ವಿಚ್ ಆರಿಸಿದರು. ಫ್ಯಾನು ನಿಧಾನವಾಗಿ ನಿಂತಿತು. ಕೂಸೂ ಯಾಕೋ ಅಳು ನಿಲ್ಲಿಸಿತು. ಮತ್ತೆ ಸ್ವಿಚ್ ಹಾಕಿದರು. ಫ್ಯಾನು ತಿರುಗಿತು. ಬೀಪ್ ಎಂದಿತು. ಮೆಮೊರಿ ಇತ್ತು, ಡಿಸ್ಕ್ ಇತ್ತು, ಕೀಬೋರ್ಡ್ ಇತ್ತು. ಪರದೆ ನಿಂತು ಕೇಳಿತು. ತಾರೀಖಕ್ಕ ಎರಡನೆಯ ಕೀಲಿ ಒತ್ತಿದರು.

ತಾರೀಖು ಒತ್ತುವಾಗ ಅವರ ಬೆರಳು ಎಂದಿನಂತೆ ಓಡಿತು. ದಿನ, ತಿಂಗಳು, ವರ್ಷ, ಎಲ್ಲ ಸರಿಯಾಗಿ. ಗಂಟೆಯ ಜಾಗಕ್ಕೆ ಬಂದಾಗ ನಿಂತಿತು. ಅವರ ಕೈಗಡಿಯಾರದಲ್ಲಿ ಹತ್ತೂ ನಲವತ್ತು. ಕಂಪ್ಯೂಟರಿಗೆ ಅದು ಗೊತ್ತಿರಲಿಲ್ಲ. ಈ ಲೋಕದಲ್ಲಿ ಅದು ನಂಬುವುದು ಒಬ್ಬರ ಮಾತನ್ನು ಮಾತ್ರ ಎಂಬುದು ತಾರೀಖಕ್ಕನಿಗೆ ಗೊತ್ತಿತ್ತು. ಏನು ಹೇಳಿದರೂ ತೆಗೆದುಕೊಳ್ಳುವವರಿಗೆ ಸುಳ್ಳು ಹೇಳುವುದು ಎಷ್ಟು ಕಷ್ಟ ಎಂದು ಅವರಿಗೆ ಆವತ್ತು ತಿಳಿಯಿತು. ಕೈ ಹಿಂದಕ್ಕೆ ತೆಗೆದರು. ಕೌಂಟರಿನ ಆಚೆ ಮಗಳು ಎರಡೂ ಕೈಯಿಂದ ಅವರ ಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಳು.

ತಾರೀಖಕ್ಕ ಒಂದು ಗಂಟೆ ಎಂದು ಒತ್ತಿದರು.

ಕಂಪ್ಯೂಟರ್ ಒಪ್ಪಿಕೊಂಡಿತು. ಪರದೆಯ ಮೂಲೆಯಲ್ಲಿ ಗಂಟೆ ಕಾಣಿಸಿಕೊಂಡಿತು. ಗುಮಾಸ್ತ ಅದನ್ನು ನೋಡಿ ಪೆನ್ನಿಗೆ ಮುಚ್ಚಳ ಹಾಕಿದ. "ಊಟದ ಹೊತ್ತು," ಎಂದು ಸಾಲಿನಲ್ಲಿದ್ದವರಿಗೆ ಹೇಳಿ, 'ವಿರಾಮ' ಎಂಬ ಹಲಗೆಯನ್ನು ಕೌಂಟರಿನ ಮೇಲೆ ನಿಲ್ಲಿಸಿದ.

"ಒಂದಾಯ್ತಾ? ಅದಕ್ಕೇ ಹೊಟ್ಟೆ ಚುರುಗುಟ್ಟುತ್ತಾ ಇತ್ತು," ಎಂದರು ಅಧಿಕಾರಿ.

"ಇದೇನು ಸಾರ್, ಈಗಿನ್ನೂ ಬಂದ್ವಲ್ಲ ನಾವು," ಎಂದ ಸಾಲಿನಲ್ಲಿದ್ದ ಒಬ್ಬ.

"ಹೇಳಿದ್ದು ಯಾರು ಗೊತ್ತಾ? ತಾರೀಖಕ್ಕ. ಅವರು ತಪ್ಪು ಹೇಳಿದ ದಿನ ಸೂರ್ಯನೇ ಬೇರೆ ಕೆಲಸ ನೋಡ್ಕೋಬೇಕು," ಎಂದ ಗುಮಾಸ್ತ ಡಬ್ಬಿಯ ಮುಚ್ಚಳ ಬಿಚ್ಚುತ್ತಾ.

ತಾರೀಖಕ್ಕ ತಲೆ ತಗ್ಗಿಸಿಕೊಂಡು ಪುಟ್ಟ ಬಾಗಿಲಿನಿಂದ ಆಚೆ ಬಂದರು. ಈಗ ಅವರು ರಜೆಯ ಮೇಲಿದ್ದರು.

"ಅತ್ತೆ," ಎಂದ ಹುಡುಗ ತಗ್ಗಿದ ದನಿಯಲ್ಲಿ, "ನನ್ನ ವಾಚಲ್ಲಿ ಹತ್ತೂ ನಲವತ್ತೆರಡು."

ಅದು ಅಧಿಕಾರಿಯ ಕಿವಿಗೆ ಬಿತ್ತು. "ಒಳ್ಳೇ ಕಡೆ ಕೊಟ್ಟು ರಿಪೇರಿ ಮಾಡಿಸಿಕೊಳ್ಳಪ್ಪ," ಎಂದು ಸಲಹೆ ಕೊಟ್ಟು ಅವರು ಕೈ ತೊಳೆಯಲು ಹೋದರು.

ಊಟದ ಬಿಡುವು ಕಂಪ್ಯೂಟರಿನ ಎರಡು ಗಂಟೆಯವರೆಗೆ ನಡೆಯಿತು. ಬೆಳಿಗ್ಗೆಯ ತಿಂಡಿ ಇನ್ನೂ ಕರಗಿರದಿದ್ದರೂ ಕಚೇರಿಯವರು ಶ್ರದ್ಧೆಯಿಂದ ಉಂಡರು. ಅಧಿಕಾರಿ ಅಭ್ಯಾಸದಂತೆ ಕುರ್ಚಿಯಲ್ಲೇ ಸ್ವಲ್ಪ ತೂಕಡಿಸಿದರು. ಹುಡುಗ ಮಾತ್ರ ತನ್ನ ವಾಚನ್ನು ಬಿಚ್ಚಿ, ಕಿವಿಗೆ ಹಿಡಿದು, ಮತ್ತೆ ಕಟ್ಟಿಕೊಂಡ. ಎರಡು ಗಂಟೆಗೆ ಹಲಗೆ ಇಳಿಯಿತು. ಎರಡೂ ಹತ್ತಕ್ಕೆ ಮದುವೆ ದಾಖಲಾಯಿತು. ತಾರೀಖಕ್ಕ ಸಾಕ್ಷಿಯ ಜಾಗದಲ್ಲಿ ಸಹಿ ಹಾಕಿದರು. ಆ ಕಂಪ್ಯೂಟರಿನಿಂದ ಬಂದ ಎಷ್ಟೋ ಪತ್ರಗಳನ್ನು ನೋಡಿದ್ದ ಅವರು ತಮ್ಮ ಹೆಸರು ಬರೆದ ಪತ್ರ ನೋಡಿದ್ದು ಅದೇ ಮೊದಲು. ಡ್ರೈವರ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ.

ಮನೆ ಮೂರು ಬೀದಿ ಆಚೆಗಿತ್ತು. ವ್ಯಾನು ಗೇಟಿನ ಮುಂದೆ ನಿಂತಾಗ ಹನ್ನೆರಡಕ್ಕೆ ಇನ್ನೂ ಎರಡು ನಿಮಿಷ ಉಳಿದಿತ್ತು. ಮನೆಯೊಡತಿ ಕನ್ನಡಕ ಏರಿಸಿ ಪತ್ರವನ್ನು ಮೇಲಿನಿಂದ ಕೆಳಗೆ ಓದಿದರು. ಕೆಳಗಿನಿಂದ ಮೇಲಕ್ಕೂ ಓದಿದರು. ಆಮೇಲೆ ಒಳಗಿನ ಗಡಿಯಾರದ ಕಡೆ ನೋಡಿದರು.

"ಪತ್ರ ಹನ್ನೆರಡರೊಳಗೆ ಬಂದಿದೆ. ಸರಿ. ಮನೆ ನಿಮ್ಮದೇ, ಇನ್ನೊಬ್ಬರಿಗೆ ಕೊಡಲ್ಲ."

ಹುಡುಗ ಬೀಗದ ಕೈಗಾಗಿ ಕೈ ಚಾಚಿದ.

"ತಾಳಪ್ಪ. ಮದುವೆ ಆಗಿರೋದು ಎರಡು ಗಂಟೆ ಹತ್ತು ನಿಮಿಷಕ್ಕೆ ಅಂತಿದೆ ಇದರಲ್ಲಿ. ಈಗ ಹನ್ನೆರಡು. ಅಂದ ಮೇಲೆ ನೀವಿನ್ನೂ ಮದುವೆ ಆದವರಲ್ಲ."

"ಆಗಿದೆ ಟೀಚರ್. ಈಗ ತಾನೇ ಆಗಿ ಬಂದ್ವಿ."

"ಸೀಲು ಇದೆಯಲ್ಲಪ್ಪ. ಸೀಲಿಗಿಂತ ನೀನು ದೊಡ್ಡವನಾ?" ಪತ್ರವನ್ನು ಜೋಪಾನವಾಗಿ ಮಡಚಿ ಅವರು ಮಗಳ ಕೈಗೆ ಕೊಟ್ಟರು. "ಎರಡೂ ಹತ್ತಕ್ಕೆ ಬೀಗದ ಕೈ ಕೊಡ್ತೀನಿ. ಅಲ್ಲಿವರೆಗೆ ಸಾಮಾನು ಅಂಗಳದಲ್ಲಿ ಇಳಿಸಿಕೊಳ್ಳಿ, ಬೇಡ ಅನ್ನಲ್ಲ. ಆದ್ರೆ ನೀವಿಬ್ಬರೂ ಪಕ್ಕಪಕ್ಕ ಕೂರೋ ಹಾಗಿಲ್ಲ. ಅಕ್ಕಪಕ್ಕದ ಮನೆಯವರು ನೋಡ್ತಾರೆ. ತಾಯಿ ಇದ್ದಾರಲ್ಲ, ಅವರು ಮಧ್ಯೆ ಕೂರಲಿ."

ಬಾಗಿಲು ಮುಚ್ಚಿತು. ಡ್ರೈವರ್ ಮಂಚವನ್ನು ಅಂಗಳದ ಮರದ ನೆರಳಿಗೆ ಇಳಿಸಿ ಹಾಸಿಗೆಯನ್ನೂ ಹಾಸಿಕೊಟ್ಟ. ಬೇರೆ ಬಾಡಿಗೆ ಇದೆ, ಮದುವೆ ಆದ ಮೇಲೆ ಒಂದು ಫೋನ್ ಮಾಡಿ ಎಂದು ಹೇಳಿ ಹೊರಟುಹೋದ.

ಮೂವರೂ ಮಂಚದ ಮೇಲೆ ಕೂತರು. ತಾರೀಖಕ್ಕ ಮಧ್ಯದಲ್ಲಿ. ಪಕ್ಕದಲ್ಲಿ ಕಪಾಟು ಬಾಗಿಲು ಅರೆ ತೆರೆದುಕೊಂಡು ನಿಂತಿತ್ತು. ದಾರಿಯಲ್ಲಿ ಹೋಗುವವರು ಒಮ್ಮೆ ನಿಂತು ನೋಡಿ ಮುಂದೆ ಹೋಗುತ್ತಿದ್ದರು.

"ನನ್ನಿಂದ ಆಗಿದ್ದು ಇದೆಲ್ಲ," ಎಂದರು ತಾರೀಖಕ್ಕ. "ಇದ್ದ ಗಂಟೆ ಹೇಳಿದ್ರೆ ಈ ಹೊತ್ತಿಗೆ ನೀವು ಒಳಗೆ ಇರ್ತಿದ್ರಿ."

"ಡ್ರೈವರ್ ಸಹಿ ಇಟ್ಕೊಂಡು," ಎಂದಳು ಮಗಳು. ಕಾಲು ಮಡಚಿಕೊಂಡು, ತಲೆಯನ್ನು ತಾಯಿಯ ತೊಡೆಯ ಮೇಲಿಟ್ಟು ಹಾಸಿಗೆಯ ಮೇಲೆ ಒರಗಿದಳು. "ಹೇರ್‌ಪಿನ್ ಚುಚ್ತಾ ಇದೆ ಅಮ್ಮ. ಬೆಳಿಗ್ಗೆಯಿಂದ."

"ಹೇಳೋಕೇನಾಗಿತ್ತು ನಿನಗೆ?"

"ನೀನು ಎಲ್ಲಿ ಬಿಡುವಾಗಿದ್ದೆ?"

ತಾರೀಖಕ್ಕ ಹೇರ್‌ಪಿನ್‌ಗಳನ್ನು ಒಂದೊಂದಾಗಿ ತೆಗೆದು ತಮ್ಮ ಬಾಯಲ್ಲಿ ಕಚ್ಚಿಕೊಂಡರು. ಮಗಳ ಕೂದಲನ್ನು ಪೂರ್ತಿ ಬಿಚ್ಚಿ ಬೆರಳಿನಿಂದಲೇ ಬಾಚತೊಡಗಿದರು. ಎಷ್ಟೋ ವರ್ಷದಿಂದ ಅವಳು ತಾನೇ ಬಾಚಿಕೊಳ್ಳುತ್ತಿದ್ದಳು. ಕೂದಲಿನ ಸಿಕ್ಕು ಎಲ್ಲೆಲ್ಲಿ ಬೀಳುತ್ತದೆ ಎಂಬುದು ಬೆರಳಿಗೆ ಇನ್ನೂ ನೆನಪಿತ್ತು.

ಮಂಚದ ಇನ್ನೊಂದು ತುದಿಯಲ್ಲಿ ಕೂತಿದ್ದ ಹುಡುಗ ತನ್ನ ವಾಚನ್ನು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡಿದ್ದ. ಅದರ ಮೇಲೆ ಈಗ ಅವನಿಗೇ ಭರವಸೆ ಉಳಿದಿದ್ದಂತೆ ಕಾಣಲಿಲ್ಲ.

"ಅತ್ತೆ," ಎಂದ, "ಟೈಮ್ ಎಷ್ಟಾಯ್ತು?"

ತಾರೀಖಕ್ಕ ಬಾಯಿಂದ ಪಿನ್‌ಗಳನ್ನು ತೆಗೆದು ಅಂಗೈಯಲ್ಲಿ ಹಿಡಿದುಕೊಂಡರು.

"ಇನ್ನೂ ಇದೆ ಬಿಡಪ್ಪ," ಎಂದರು.